ಚಂದ್ರಿ ಇಲ್ಲದಾಗ ಆಡಿದ ಮಾತು

ಹೊರ್ತಿ, ತಾಲೂಕು ಇಂಡಿ
ರವಿವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಅತ್ತಿಯವರಿಗೆ,

ನಿಮ್ಮ ಸೊಸೆ ಸುನೀತಾ ಹೊರ್ತಿಯಲ್ಲೇ ನಿಂತು ಮುದ್ದೇಬಿಹಾಳದ ಕಡೆ ಮುಖ ಮಾಡಿ ನಿಮ್ಮ ಕಾಲು ಮುಟ್ಟುತ್ತಿದ್ದಾಳೆ. ಮೊಣಕಾಲು ಹೇಗಿದೆ? ಮಗಳ ಬಾಣಂತನ ಅಂತ ನೆಲಕ್ಕೆ ಕೂತು ಕೂತು ಏಳಬೇಡಿ, ಒಂದು ಮಣೆ ಹಾಕಿಕೊಳ್ಳಿ. ರೇಣುಕಕ್ಕಗೆ ನಾನು ಕಟ್ಟಿ ಕಳಿಸಿದ ಅಂಟಿನುಂಡಿ ಮುಗಿದಿದ್ದರೆ ತಿಳಿಸಿ, ಮತ್ತೆ ಮಾಡುತ್ತೇನೆ. ಕೂಸಿಗೆ ನಿಮ್ಮ ಮೂಗು ಬಂದಿದೆ ಅಂತ ಅಳಿಯಂದಿರು ಹೇಳಿದರು. ಬಂದರೆ ಬರಲಿ, ಆ ಮೂಗಿನ ತುದಿಯ ಸಿಟ್ಟು ಬರದಿದ್ದರೆ ಸಾಕು. ಇಲ್ಲಿ ಮಾಳಿಂಗರಾಯನ ದಯದಿಂದ ಎಲ್ಲರೂ ಆರಾಮ. ಇದು ಖರೇ ಆರಾಮ. ಈ ಮೊದಲು ಫೋನಿನಲ್ಲಿ ಹೇಳುತ್ತಿದ್ದದ್ದು ಸುಳ್ಳು ಆರಾಮ.

ಫೋನು ಇರುವಾಗ ಇವಳು ಪತ್ರ ಯಾಕೆ ಬರೆದಳು ಅಂತ ಗಾಬರಿಯಾಗಬೇಡಿ. ಈ ಕಡೆ ಮಾವ ಸ್ಪೀಕರ್ ಹಾಕಿ ಹಿಡಿದುಕೊಂಡು ಕೂರುತ್ತಾರೆ, ಆ ಕಡೆ ಅಳಿಯಂದಿರು ಹಿಡಿದಿರುತ್ತಾರೆ. ನಡುವೆ ನಾವಿಬ್ಬರು ಹೆಣ್ಣುಮಕ್ಕಳು ಊಟ ಆಯಿತೇ, ಮಳೆ ಬಂತೇ ಅಂತ ಕೇಳಿ ಇಟ್ಟುಬಿಡುತ್ತೇವೆ. ನೀವಂತೂ ಪ್ರತಿ ಸಲ "ಚಂದ್ರಿ ಹೆಂಗದಾಳ?" ಅಂತ ಕೇಳುತ್ತೀರಿ. ಅದು ಎಮ್ಮೆಯನ್ನಲ್ಲ, ಮಾವನನ್ನು ಕೇಳಿದ್ದು ಅಂತ ಮನೆಗೆಲ್ಲ ಗೊತ್ತು. ನಾನೂ "ಆರಾಮದಾಳ್ರಿ, ಮೇವು ತಿಂತಾಳ್ರಿ" ಅಂತ ಮಾವನ ಸುದ್ದಿಯನ್ನೇ ಹೇಳುತ್ತಿದ್ದೆ. ಆದರೆ ಅತ್ತಿ, ಚಂದ್ರಿ ಮನೆಯಲ್ಲಿ ಇಲ್ಲ. ಹೆದರಬೇಡಿ, ಎಮ್ಮೆಗೆ ಏನೂ ಆಗಿಲ್ಲ. ಆಗಿದ್ದು ನಮಗೆ. ಅದನ್ನೇ ಬರೆಯಲು ಕೂತಿದ್ದೇನೆ. ಅಳಿಯಂದಿರು ಹೊಲಕ್ಕೆ ಹೋದಾಗ ರೇಣುಕಕ್ಕನ ಕಡೆ ಓದಿಸಿಕೊಳ್ಳಿ.

ನಾನು ಸಿಂದಗಿಯಿಂದ ಹೊಸದಾಗಿ ಬಂದಾಗಿನದು ನೆನಪಿದೆಯೇ? ಪಡಸಾಲೆಯಲ್ಲಿ ಮಂದಿ ಕೂತಿರುವಾಗ ಮಾವನ ಎದುರಿಗೇ ಹೋಗಿ "ಚಹಾ ತರ್ಲೇನ್ರಿ ಮಾವಾರ?" ಅಂದುಬಿಟ್ಟೆ. ನೀವು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಸುನೀ, ಗಂಡಸರಿಗಿ ಹಂಗ ಎದುರಿಗಿ ನಿಂತು ಕೇಳಬಾರ್ದವಾ. ಎಮ್ಮಿ ಐತಲ್ಲ" ಅಂದಿರಿ. ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಅಂದೇ ಸಂಜೆ ನೋಡಿದರೆ ನಿಮ್ಮ ಮಾತು ಖರೇ. ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೂಟಕ್ಕೆ ಚಂದ್ರಿ, ಆ ಕಡೆ ಮಾವ, ಈ ಕಡೆ ನೀವು. "ಚಂದ್ರಿ, ಸಂತಿಗಿ ಹೋಗವ್ರು ಬೆಲ್ಲ ತಂದ್ರ ಚಲೋ ಆಗ್ತಿತ್ತ ನೋಡವಾ" ಅಂತ ನೀವು. ಮರುದಿನ ಇಂಡಿಯಿಂದ ಬೆಲ್ಲ ಬಂತು. "ಚಂದ್ರಿ, ನಾಳೆ ನಾಕು ಮಂದಿ ಉಣ್ಣಾಕ ಬರ್ತಾರ" ಅಂತ ಮಾವ. ನೀವು ಜೋಳ ಹೆಚ್ಚಿಗೆ ಬೀಸಿಸಿದಿರಿ. ನಾನೂ ಕಲಿತೆ. ಆಮೇಲಾಮೇಲೆ ನಿಮಗಿಂತ ಜೋರಾದೆ, ಎಮ್ಮೆಯ ಬೆನ್ನು ತಿಕ್ಕುತ್ತಾ ಅರ್ಧ ಸಂಸಾರ ನಡೆಸಿಬಿಡುತ್ತಿದ್ದೆ.

ನೀವು ಹೋಗಿ ಸ್ವಲ್ಪ ದಿನಕ್ಕೆ ಮಾವ ಚಂದ್ರಿಯನ್ನು ಲಚ್ಯಾಣಕ್ಕೆ, ನಿಮ್ಮ ತಮ್ಮನ ಹೊಲಕ್ಕೆ ಹೊಡೆದುಕೊಂಡು ಹೋದರು. ಗಬ್ಬದ ಎಮ್ಮೆ, ಅಲ್ಲಿ ಹಸಿಮೇವು ಇದೆ, ಈಯುವ ತನಕ ಅಲ್ಲೇ ಇರಲಿ ಅಂತ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಎಮ್ಮೆ ಹೋದ ದಿನವೇ ಮನೆಗೆ ಮೂಕತನ ಬಡಿಯಿತು. ಉಪ್ಪು ಮುಗಿದರೆ ಯಾರಿಗೆ ಹೇಳುವುದು? ನಿಮ್ಮ ಮಗ ಕಾಂತು (ಗಂಡನ ಹೆಸರು ಬರೆದರೆ ಕೇಳಿಸುವುದಿಲ್ಲವಲ್ಲ, ಅದಕ್ಕೆ ಬರೆದೆ) ಟೆಂಪೋದಲ್ಲಿ ನಿಂಬೆಹಣ್ಣು ಹೇರಿಕೊಂಡು ಹೋದರೆ ವಾರಗಟ್ಟಲೆ ಬರುವುದಿಲ್ಲ. ಕೋಳಿಗೆ ಹೇಳೋಣ ಅಂದರೆ ಅದು ಅರ್ಧ ಮಾತಿಗೇ ಓಡಿಹೋಗುತ್ತದೆ. ಮಾವನಿಗೂ ಪೇಚಾಟವಾಯಿತು. ಇನ್ನೊಂದು ರೊಟ್ಟಿ ಬೇಕಾದರೆ ಕೆಮ್ಮುತ್ತಿದ್ದರು. ಪಲ್ಯ ಬೇಕಾದರೂ ಅದೇ ಕೆಮ್ಮು. ಯಾವ ಕೆಮ್ಮು ಯಾವುದಕ್ಕೆ ಅಂತ ತಿಳಿಯದೆ ನಾನು ಎಲ್ಲಾ ಬಡಿಸುತ್ತಿದ್ದೆ.

ಅಷ್ಟರಲ್ಲಿ ನಿಮ್ಮ ಸಣ್ಣ ಮಗಳು, ನಮ್ಮ ಪ್ರಿಯದರ್ಶಿನಿಗೆ ಬೀದರದಲ್ಲಿ ದನದ ಡಾಕ್ಟರಕಿಯ ಸೀಟು ಸಿಕ್ಕಿತು. ಪರೀಕ್ಷೆ ಬರೆದದ್ದು ನಿಮಗೆ ಗೊತ್ತು, ಸೀಟು ಬಂದದ್ದು ನೀವು ಹೋದ ಮೇಲೆ. ಹುಡುಗಿ ಕುಣಿಯಲಿಲ್ಲ, ನನ್ನ ಕೊರಳು ಅಪ್ಪಿಕೊಂಡು ಅತ್ತಳು. ಅಪ್ಪನಿಗೆ ಹೇಗೆ ಹೇಳುವುದು, ಅವ್ವ ಬರಲಿ, ಚಂದ್ರಿ ಬರಲಿ ಅಂತ ಕಾಯುತ್ತಾ ಕೂತೆವು. ಹಾಗೆ ಕಾಯುತ್ತಿರುವಾಗಲೇ ಬಸವನ ಬಾಗೇವಾಡಿಯಿಂದ ಅಪ್ಪಾಸಾಬರು ತಮ್ಮ ಮಗನಿಗೆ ಪ್ರಿಯಾಳನ್ನು ಕೇಳಲು ಬಂದರು. ಹೊಲ, ಮನೆ, ಟ್ರ್ಯಾಕ್ಟರು ಎಲ್ಲಾ ಇದ್ದ ಮಂದಿ, ಕೆಟ್ಟವರೇನಲ್ಲ. ಹುಡುಗಿ ಪರೀಕ್ಷೆ ಬರೆದ ಸುದ್ದಿ ಅವರ ಕಿವಿಗೂ ಬಿದ್ದಿತ್ತೋ ಏನೋ, ಉಂಡು ಕೈತೊಳೆದು, "ಹುಡುಗಿಗಿ ಸಾಲಿ ಇಲ್ಲಿಗಿ ಸಾಕ್ರಿ. ನಮ್ಮನಿಯಾಗ ದನಾ ಅದಾವು, ಡಾಕ್ಟರು ಬ್ಯಾಡ" ಅಂತ ನಕ್ಕರು. ಪ್ರಿಯಾ ಒಳಗೆ ಒಲೆಯ ಮುಂದೆ ನನ್ನ ಪಕ್ಕದಲ್ಲೇ ಇದ್ದಳು. ಅವಳ ಮುಖ ನನಗೆ ನೋಡಲು ಆಗಲಿಲ್ಲ.

ಅತ್ತಿ, ಆಗ ನಡೆದದ್ದನ್ನು ಸರಿಯಾಗಿ ಕೇಳಿ. ಮಾವ ಒಮ್ಮೆಲೇ ಮಾತು ಕೊಡಲಿಲ್ಲ. ಎದ್ದು ಒಳಗೆ ಬಂದರು, ಚಂದ್ರಿಯ ಗೂಟದ ಹತ್ತಿರ ನಿಂತರು, ಗಂಟಲು ಸರಿ ಮಾಡಿಕೊಂಡು ಆ ಬರೀ ಗೂಟದ ಕಡೆ ನೋಡಿ, "ಯಾರದರೆ ಏನರೆ ಇದ್ರ ಈಗ ಹೇಳಬೇಕ ನೋಡವಾ" ಅಂದರು. ಅಂದು ಕಾದರು. ನಿಜವಾಗಿ ಕಾದರು. ನನ್ನ ಬಾಯಿ ತೆರೆಯಿತು. ಕಣ್ಣು ಗೂಟದ ಕಡೆ ಹೋಯಿತು. ಅಲ್ಲಿ ಬರೀ ಹಗ್ಗ ಬಿದ್ದಿತ್ತು. ಯಾರಿಗೆ ಹೇಳಲಿ? ತವೆಯ ಮೇಲಿನ ರೊಟ್ಟಿ ಹೊತ್ತಿತು. ಪ್ರಿಯಾ ತಲೆ ಎತ್ತಲಿಲ್ಲ. ಮಾವ ಹೊರಗೆ ಹೋಗಿ, "ಮನಿಯಾಗ ಎಲ್ಲಾರ್ದೂ ಒಪ್ಪಿಗಿ ಐತಿ" ಅಂದುಬಿಟ್ಟರು. ಮುಂದಿನ ಶುಕ್ರವಾರವೇ ಸಕ್ಕರಿ ಹಂಚಿ ಸಂಬಂಧ ಗಟ್ಟಿ ಮಾಡುವುದು ಅಂತ ಗೊತ್ತಾಯಿತು. ಬೀದರಿಗೆ ಹೋಗಿ ಸೇರಲು ಅದರ ಹಿಂದಿನ ದಿನ, ಗುರುವಾರವೇ ಕೊನೆ.

ನಿಮ್ಮ ಮಗನಿಗೆ ಫೋನು ಮಾಡಿಸಿದರೆ, "ಅಪ್ಪಗ ಹೇಳವ್ರು ಯಾರು? ಲಚ್ಯಾಣಕ್ಕ ಹೋಗಿ ಎಮ್ಮಿನರೆ ಹೊಡಕೊಂಡ ಬಾ" ಅಂದರು. ಅವರು ಚೇಷ್ಟೆಗೆ ಅಂದರೋ ಏನೋ, ನಾನು ಹೊರಟೇಬಿಟ್ಟೆ! ಖರೇನೇ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ನೆರಮನೆಯ ತಿಪ್ಪವ್ವಾಯಿ ಸಿಕ್ಕಳು. ಎತ್ತ ಹೊರಟೆ ಅಂತ ಕೇಳಿದಳು, ಎಮ್ಮೆ ತರಲು ಅಂದೆ. "ಬಸ್ಸಿನಾಗ ಹತ್ತಿಸ್ಕೊಂಡ ಬರ್ತೀಯೇನ? ಹೂಂ ಬಿಡು, ಅದೂ ಹೆಣ್ಣ ಐತಿ, ಅದಕ್ಕೂ ಫ್ರೀ ಇರಬೇಕು" ಅಂದಳು. ಸ್ಟ್ಯಾಂಡಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಒಂದು ಮಾತು ಹೇಳುವುದಕ್ಕೆ ಊರು ದಾಟಿ ಎಮ್ಮೆ ತರಲು ಹೊರಟಿದ್ದೇನಲ್ಲ, ನನ್ನ ಬಾಯಿಗೆ ಏನಾಗಿದೆ ಅನಿಸಿತು. ಬಸ್ಸು ಬಂತು, ನಾನು ಹತ್ತಲಿಲ್ಲ.

ಮನೆಗೆ ಬಂದಾಗ ಮಾವ ಪಡಸಾಲೆಯಲ್ಲಿ ಉಣ್ಣೆ ನೂಲುತ್ತಾ ಕೂತಿದ್ದರು. ತಲೆ ತುಂಬ ಸೆರಗು ಹೊದ್ದು ಎದುರಿಗೆ ಹೋಗಿ ನಿಂತೆ. "ಮಾವಾರ, ಈ ಸಂಬಂಧ ನನಗ ಒಪ್ಪಿಗಿ ಇಲ್ರಿ" ಅಂದೆ. ನೂಲು ಕಡಿಯಿತು. ಮಾವ ನನ್ನನ್ನು ನೋಡಲಿಲ್ಲ, ತಟ್ಟನೆ ಗೂಟದ ಕಡೆ ನೋಡಿದರು. "ಅಲ್ಲಿ ನೋಡಬ್ಯಾಡ್ರಿ, ನಾನ ಮಾತಾಡಾಕತ್ತೇನಿ" ಅಂದೆ. ಆಮೇಲೆ ನಿಲ್ಲಲಿಲ್ಲ. ಸೀಟಿನ ಸುದ್ದಿ, ಗುರುವಾರದ ಗಡುವು, ಹುಡುಗಿ ಸರಿಯಾಗಿ ಉಣ್ಣದೇ ಇದ್ದದ್ದು, ಎಲ್ಲಾ ಹೇಳಿದೆ. ಮಾವ ಬೈಯುತ್ತಾರೆ ಅಂತ ಕಾದರೆ ಅವರಿಗೆ ಬಂದದ್ದು ಸಿಟ್ಟಲ್ಲ, ಸೋಜಿಗ. "ಮತ್ತ ಅವತ್ತ ಯಾಕ ಯಾರೂ ಪಿಟ್ ಅನಲಿಲ್ಲ? ನಾ ಒಳಗ ಬಂದ ಕೇಳಿದ್ನಲ್ಲಾ?" ಅಂದರು. ನನ್ನ ಬಾಯಿಂದ ಹೇಗೆ ಬಂತೋ, "ಗೂಟಕ್ಕ ಕೇಳಿದ್ರಿ ಮಾವಾರ. ನಮಗ ಕೇಳಲಿಲ್ಲ" ಅಂದೆ.

ಮಾವ ಕಡಿದ ನೂಲನ್ನು ಹೊಸೆದು ಕೂಡಿಸಿದರು. ಆಮೇಲೆ "ಪ್ರಿಯಾ" ಅಂತ ಕೂಗಿದರು. ಹುಡುಗಿ ದೊಡ್ಡವಳಾದ ಮೇಲೆ ಅಪ್ಪ ಹೆಸರು ಹಿಡಿದು ಕರೆದದ್ದು ನಾನು ಕೇಳಿರಲಿಲ್ಲ. "ನಿಂದೇನೈತಿ, ನೀ ಹೇಳು" ಅಂದರು. ಅತ್ತಿ, ಕೆರೆಯ ಒಡ್ಡು ಒಡೆದ ಹಾಗೆ ಆಯಿತು ನೋಡಿ. ಓದಬೇಕು ಅಂದಳು, ಮದುವೆ ಈಗ ಬೇಡ ಅಂದಳು, ಹೋದ ವರ್ಷ ಚಂದ್ರಿಯ ಕರು ಅಡ್ಡಬಂದು ಸತ್ತದ್ದನ್ನು ಹೇಳಿ ಅತ್ತಳು, ಆ ರಭಸದಲ್ಲಿ ತನಗೆ ಪುಂಡಿಪಲ್ಯ ಸೇರುವುದಿಲ್ಲ ಅಂತಲೂ ಹೇಳಿಬಿಟ್ಟಳು! ಇಷ್ಟು ವರ್ಷ ಸುಮ್ಮನೆ ಉಂಡಿದ್ದಾಳೆ ಪಾಪ. ಅಷ್ಟು ದೂರ ಒಬ್ಬಳೇ ಹೇಗಿರುತ್ತಿ ಅಂತ ಮಾವ ಕೇಳಿದ್ದಕ್ಕೆ, "ನೀ ಕುರಿ ಹಿಂದ ವರ್ಷಗಟ್ಟಲೆ ಹೊರಗಿದ್ದಿಲ್ಲೇನಪ್ಪಾ?" ಅಂದಳು. ಮಾವನ ಮೀಸೆಯೊಳಗೆ ನಗು ಬಂದು ಹೋದದ್ದನ್ನು ನಾನು ನೋಡಿದೆ.

ಮರುದಿನ ಮಾವ ರುಮಾಲು ಸುತ್ತಿಕೊಂಡು ಒಬ್ಬರೇ ಬಾಗೇವಾಡಿಗೆ ಹೋಗಿ ಕೊಟ್ಟ ಮಾತನ್ನು ವಾಪಸು ತೆಗೆದುಕೊಂಡು ಬಂದರು. ಅಲ್ಲಿ ಏನು ಅಂದರೋ, ಏನು ಅನಿಸಿಕೊಂಡರೋ ನನಗೆ ಗೊತ್ತಿಲ್ಲ. ಮಾತಿಗೆ ತಪ್ಪಿದವರಲ್ಲ ಅವರು, ಅದು ಸಣ್ಣ ನೋವಲ್ಲ. ಬಂದಾಗ ಮುಖ ಬಾಡಿತ್ತು. ಉಣ್ಣಲು ಕೂತರು. ನಾನು ಕೆಮ್ಮಿಗಾಗಿ ಕಿವಿಗೊಟ್ಟಿದ್ದೆ. ಕೆಮ್ಮಲಿಲ್ಲ. ನನ್ನ ತಲೆಯ ಮೇಲಿನ ಗೋಡೆ ನೋಡುತ್ತಾ, "ಇನ್ನೊಂದ ರೊಟ್ಟಿ ಹಾಕವಾ, ಸುನೀತಾ" ಅಂದರು. ನಾನು ಎರಡು ಹಾಕಿದೆ. ಅಡುಗೆಮನೆಗೆ ಬಂದು, ನಿಮ್ಮ ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಮನಸಾರೆ ಅತ್ತೆ.

ಬುಧವಾರ ನಿಮ್ಮ ಮಗ ಬಂದು ತಂಗಿಯನ್ನು ಕರೆದುಕೊಂಡು ಹೋದರು. ಪ್ರಿಯಾ ಬೀದರಿನಲ್ಲಿ ಸೇರಿದಳು ಅತ್ತಿ! ಹಾಸ್ಟೆಲಿನಿಂದ ಫೋನು ಮಾಡಿ "ವೈನಿಗಿ ಕೊಡಪ್ಪಾ" ಅಂತ ನನ್ನನ್ನು ಕೇಳಿದಾಗ ಮಾವ ಸ್ಪೀಕರ್ ಆರಿಸಲು ಎಲ್ಲಾ ಗುಂಡಿ ಒತ್ತಿ ಕೊನೆಗೆ ಫೋನನ್ನೇ ಕಟ್ ಮಾಡಿದರು. ಅವಳು ಮತ್ತೆ ಮಾಡಿದಳು. ನಾನೇ ಕಿವಿಗೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಮಾತಾಡಿದೆ.

ನಿಮ್ಮ ಮೇಲೆ ಸಿಟ್ಟು ಅಂತ ತಿಳಿಯಬೇಡಿ. ಮನೆಗೆ ಬಚ್ಚಲು ಬಂದದ್ದು, ಗ್ಯಾಸು ಬಂದದ್ದು, ರೇಣುಕಕ್ಕನನ್ನು ಕುಡುಕನ ಮನೆಗೆ ಕೊಡದೆ ಉಳಿಸಿದ್ದು, ಎಲ್ಲಾ ನೀವು ಚಂದ್ರಿಗೂ ಅವಳ ಅವ್ವನಿಗೂ ಹೇಳಿ ಹೇಳಿ ಮಾಡಿಸಿದ್ದು. ಬಾಯಿ ಕಟ್ಟಿದ ಮನೆಯಲ್ಲಿ ನೀವು ಎಮ್ಮೆಯ ಕಿವಿಯಿಂದಲೇ ದಾರಿ ಮಾಡಿಕೊಂಡಿರಿ. ನನಗೆ ಬಾಯಿ ಬಂದದ್ದೂ ಅದೇ ದಾರಿಯಿಂದ. ಆದರೆ ನನಗೊಂದು ಸಂಕಟ ಇದೆ. ಮಾವನ ಹೆಸರು ಹಿಡಿದು, ಬಚ್ಚಲು ಕಟ್ಟಿಸಿದ್ದು ಸಿದ್ದರಾಯ ಅಂತ ಊರೆಲ್ಲ ಅನ್ನುತ್ತದೆ. ನಿಮ್ಮ ಹೆಸರು ಹಿಡಿದು, ಸಾತವ್ವ ಹೇಳಿದಳು ಅಂತ ಒಬ್ಬರೂ ಅನ್ನುವುದಿಲ್ಲ. ಎದುರಿಗೆ ನಿಂತು ಹೇಳಿದ ಮೇಲೆ ನನ್ನ ಎದೆ ಎಷ್ಟು ಹಗುರಾಗಿದೆ ಅಂದರೆ, ಈ ಹಗುರ ನಿಮಗೂ ಸಿಗಬೇಕು ಅಂತ ಬಹಳ ಅನಿಸುತ್ತಿದೆ.

ರೇಣುಕಕ್ಕಗೆ ನನ್ನ ನೆನಪು, ಅಳಿಯಂದಿರಿಗೆ ನಮಸ್ಕಾರ, ಕೂಸಿನ ಎರಡೂ ಗಲ್ಲಕ್ಕೆ ಒಂದೊಂದು ಮುದ್ದು. ನೀವು ಹೊತ್ತಿಗೆ ಸರಿಯಾಗಿ ಉಂಡು ಆರಾಮಾಗಿರಿ.

ನಿಮ್ಮ ಸೊಸೆ,
ಸುನೀತಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಚಂದ್ರಿ ಈದಳು, ಹೆಣ್ಣುಕರು, ಇಬ್ಬರೂ ಗಟ್ಟಿಯಾಗಿದ್ದಾರೆ. ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಕಟ್ಟುವುದು ಅಂತ ಮಾವನೇ ಹೇಳಿ ನಡುಮನೆಯ ಗೂಟ ಕಿತ್ತಿದ್ದಾರೆ. ಇವತ್ತು ನನ್ನ ಹತ್ತಿರ ಬಂದು "ನಿಮ್ಮತ್ತಿ ಯಾವಾಗ ಬರ್ತಾಳಂತ?" ಅಂದರು. ನನಗ್ಯಾಕೆ ಕೇಳುತ್ತೀರಿ, ಅವರಿಗೇ ಕೇಳಿರಿ ಅಂದೆ. ಈ ಪತ್ರ ನಿಮಗೆ ಮುಟ್ಟಲಿ ಅಂತ ಒಂದು ವಾರ ಬಿಟ್ಟು, ಸೋಮವಾರ ಇಪ್ಪತ್ತೆರಡಕ್ಕೆ ದೀಪ ಹಚ್ಚುವ ಹೊತ್ತಿಗೆ ಫೋನು ಮಾಡುತ್ತಾರೆ, ನಾನೇ ನಂಬರು ಹಚ್ಚಿ ಕೊಡುತ್ತೇನೆ. ಅಳಿಯಂದಿರಿಗೆ ಎತ್ತಲು ಬಿಡಬೇಡಿ, ನೀವೇ ಎತ್ತಿ ಕಿವಿಗೆ ಹಿಡಿಯಿರಿ. ಈ ಕಡೆಯಿಂದ ಬರೀ ಕೆಮ್ಮು ಕೇಳಿದರೆ ಇಡಬೇಡಿ, ಮಾವನಿಗೆ ನಿಮ್ಮನ್ನು ಏನಂತ ಕರೆಯಬೇಕೋ ಗೊತ್ತಿಲ್ಲ. ಚಂದ್ರಿಯನ್ನು ಕೇಳಬೇಡಿ ಅತ್ತಿ, ಅವರನ್ನು ಕೇಳಿ.