ಹೆಬ್ಬೆಟ್ಟು ಎತ್ತಿದವಳಿಗೆ

ಹರದನಹಳ್ಳಿ
17 ಮಾರ್ಚ್ 2024, ಭಾನುವಾರ

ಮಗಳೇ ಸುಧಾಮಣಿ,

ಇಲ್ಲಿ ನಾನು ಆರೋಗ್ಯ. ನೀನೂ ಹಾಗೇ ಇದ್ದೀಯೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ನೀನು ಫೋನು ಎತ್ತುವುದಿಲ್ಲವಲ್ಲ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಪಾಠ ಮಾಡುವ ಮಗಳಿಗೆ ಹರದನಹಳ್ಳಿಯಿಂದ ಅಂಚೆಯಲ್ಲಿ ಕಾಗದ ಹಾಕುವ ಅಪ್ಪ ಈ ಜಿಲ್ಲೆಯಲ್ಲೇ ನಾನೊಬ್ಬನೇ ಇರಬೇಕು. ಮೂರು ವಾರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಎರಡರಲ್ಲೂ ಪ್ರಶ್ನೆಗಳೇ ತುಂಬಿಕೊಂಡಿದ್ದವು.

ಪಕ್ಕದ ಮನೆಯ ಗುರುಮಲ್ಲಮ್ಮನ ಹಸು ಹೆಣ್ಣುಗರು ಹಾಕಿದೆ. ಗಿಣ್ಣದ ಹಾಲು ತಂದುಕೊಟ್ಟಳು. ಕೊಡುವಾಗ, "ಸುಧವ್ವ ಬರಾಕಿಲ್ವಾ ಸ್ವಾಮ್ಯೋರೇ, ಅದೇನೋ ಸಿಕ್ತಂತಲ್ಲ?" ಎಂದಳು. ಗಿಣ್ಣ ಕೊಡಲು ಬಂದು ಇದನ್ನು ಕೇಳಿದಳೋ, ಇದನ್ನು ಕೇಳಲೆಂದೇ ಗಿಣ್ಣ ತಂದಳೋ, ಇನ್ನೂ ತೀರ್ಮಾನಿಸಿಲ್ಲ. ಬೆಲ್ಲ ಹಾಕಿ ಕಾಯಿಸಿದೆ, ತಳ ಹತ್ತಿತು.

ಆ ಭಾನುವಾರದ್ದನ್ನು ಮತ್ತೆ ಬರೆಯುತ್ತೇನೆ. 'ನನಗೆ ಗೊತ್ತಿರುವುದೇ ತಾನೇ' ಎನ್ನಬೇಡ. ನೀನು ನೀರಿನೊಳಗಿದ್ದೆ. ಬಂಡೆಯ ಮೇಲೆ ಕೂತಿದ್ದವರಿಗೆ ಕಂಡದ್ದೇ ಬೇರೆ.

ಹನ್ನೆರಡು ವರ್ಷದ ಹಿಂದೆ ನಿಂತುಹೋದ ಕರಿಕಲ್ಲು ಕ್ವಾರಿ ಅದು. ಗುಂಡಿಯ ತುಂಬ ನೀರು, ಹತ್ತಡಿ ಕೆಳಗೆ ಗೋಡೆಯಲ್ಲೊಂದು ಬಿಲ. ಅದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುತ್ತದೆ ಎನ್ನುವವರುಂಟು, ಅದರೊಳಗೆ ಪಾಳೇಗಾರರ ನಿಧಿಯ ಕೊಪ್ಪರಿಗೆಯಿದೆ ಎನ್ನುವವರೂ ಉಂಟು. ಒಳಗೆ ಏನಿದೆಯೆಂದು ಈಜಿ ನೋಡಿ ನಕ್ಷೆ ಬರೆಯುತ್ತೇವೆ ಎಂದು ಬಂದವರು ನೀವು ನಾಲ್ಕು ಜನ. ಮೈಸೂರಿನ ಚಂದ್ರಮತಿ ಮೇಡಂ ನಾಯಕಿ, ನಿನ್ನ ಜೋಡಿ ದಿಲೀಪ್, ಗಾಳಿಯ ಸಿಲಿಂಡರ್ ತುಂಬಿಸುವ ಬಸವಪ್ರಸಾದ್, ಆಮೇಲೆ ನೀನು. ಕ್ವಾರಿಯ ಯಜಮಾನ ಮಲ್ಲಿಕಾರ್ಜುನಸ್ವಾಮಿ ನನ್ನ ಜೊತೆ ಬಿ.ಎ. ಓದಿದವನು. ಅವನ ಕೈಕಾಲು ಹಿಡಿದು ಅನುಮತಿ ಕೊಡಿಸಿದವನು ನಾನು. ಆದ್ದರಿಂದ ಅಲ್ಲಿ ಕೂರಲು ನನಗೆ, ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಹಕ್ಕಿತ್ತು.

ನಡುಮಧ್ಯಾಹ್ನ. ಬಿಸಿಲು ನೆಟ್ಟಗೆ ಇಳಿದು ಬಿಲದ ಬಾಯಿ ಕನ್ನಡಿಯೊಳಗಿನ ಹಾಗೆ ಕಾಣುತ್ತಿತ್ತು. ನೀನು, ದಿಲೀಪ್ ಹಗ್ಗ ಬಿಟ್ಟುಕೊಂಡು ಇಳಿದಿರಿ. ನೀನು ಬಾಯಿಯೊಳಗೆ ತಲೆ ಹಾಕಿದೆ. ಹಿಂದೆ ಸರಿದೆ. ದಿಲೀಪನ ಕಡೆ ತಿರುಗಿ ಹೆಬ್ಬೆಟ್ಟು ಎತ್ತಿ ತೋರಿಸಿದೆ. ಅವನೂ ಎತ್ತಿದ.

ನನ್ನ ಪಕ್ಕದಲ್ಲಿದ್ದ ಮಹದೇವ ಎದ್ದೇ ಬಿಟ್ಟ. "ಸಿಕ್ತು ಕಣ್ಲಾ! ಎಬ್ಬೆಟ್ಟು ಎತ್ತವ್ಳೆ ನೋಡ್ಲಾ! ಇಬ್ರೂ ಎತ್ತುದ್ರು!" ಆ ಕಡೆ ಬಂಡೆಯಿಂದ ಗುರುಮಲ್ಲಯ್ಯ ಕೂಗಿದ, "ಏನ್ಲಾ ಸಿಕ್ಕುದ್ದು?" "ಅದ್ಯಾಕ್ ಕೇಳೀಯೆ, ನೀನ್ ಓಗಿ ಚೀಲ ತಗಬಾ!" ಸುಳ್ಳು ಯಾಕೆ ಹೇಳಲಿ, ನಾನೂ ಚಪ್ಪಾಳೆ ತಟ್ಟಿದೆ. ನಮ್ಮ ಮಟ್ಟಿಗೆ ಹೆಬ್ಬೆಟ್ಟು ಎತ್ತಿದರೆ ಗೆದ್ದ ಹಾಗೆ. ನೀರಿನೊಳಗೆ ಅದಕ್ಕೆ ತದ್ವಿರುದ್ಧ ಅರ್ಥ, 'ಇನ್ನು ಸಾಕು, ವಾಪಸ್ ಹೋಗೋಣ' ಎಂದು ಯಾರಿಗೆ ಗೊತ್ತು? ನೀವು ಮೇಲೆ ಬರುವಷ್ಟರಲ್ಲಿ ಅರ್ಧ ಊರು ಬಂದಿತ್ತು.

ಮೇಲೆ ಬಂದಿರಿ. ಕೈ ಖಾಲಿ. ತಂಡದವರು ಯಾರೂ ಏನೂ ಕೇಳಲಿಲ್ಲ. ಹನ್ನೊಂದು ತಿಂಗಳು ಓಡಾಡಿ, ಕೊನೆಗೂ ಇಳಿದು, ನಾಲ್ಕು ನಿಮಿಷಕ್ಕೆ ಎದ್ದು ಬಂದವಳನ್ನು ನಾಯಕಿಯೇ ಯಾಕಮ್ಮಾ ಎನ್ನಲಿಲ್ಲ! ನನಗೆ ಅಲ್ಲೇ ವಾಸನೆ ಹೊಡೆಯಿತು. ಸ್ಮೆಲ್ ಎ ರ್ಯಾಟ್ ಅಂತ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರಲ್ಲ, ಅದೇ ಇಲಿ.

ಬಸವಪ್ರಸಾದ್ ಒಬ್ಬನೇ ಬಾಯಿಬಿಟ್ಟ. "ಮೇಡಂ, ಗಾಳಿ ತುಂಬ್ಸಿದವ್ನು ನಾನು. ಅದ್ರಲ್ಲಿ ಏನಾರ ವಾಸ್ನೆ ಗೀಸ್ನೆ ಇತ್ತಾ ಅಂತ ಗೊತ್ತಾಗ್ಬೇಕಲ್ವಾ? ನಾಳೆ ಅದೇ ಸಿಲಿಂಡರ್ ಹಾಕ್ಕೊಂಡು ಇನ್ನೊಬ್ರು ಇಳೀತಾರೆ. ಇದು ಸೇಫ್ಟಿ ವಿಷ್ಯ."

ಚಂದ್ರಮತಿ ಮೇಡಂ ತಲೆ ಎತ್ತದೆ ಹಗ್ಗ ಸುತ್ತುತ್ತ ಹೇಳಿದರು. "ಸಾಮಾನು ಕೆಟ್ಟಿದ್ರೆ ಅವಳೇ ಹೇಳ್ತಿದ್ಲು. ನಿನಗೆ ಅನುಮಾನ ಇದ್ರೆ ಸಿಲಿಂಡರ್ ಬಿಚ್ಚಿ ನೋಡು, ಮೀಟರ್ ನೋಡು. ಅವಳನ್ನ ಮಾತ್ರ ಕೇಳ್ಬೇಡ. ಇವತ್ತು ದಡದ ಮೇಲೆ ಇವಳು ಉತ್ತರ ಹುಡುಕೋ ಹಾಗೆ ಮಾಡಿದ್ರೆ, ನಾಳೆ ಇನ್ನೊಬ್ರು ಬೆರಳೆತ್ತೋಕೆ ಮುಂಚೆ ಗುಹೆ ಒಳಗೆ ಉತ್ತರ ಹುಡುಕ್ತಾ ಕೂತ್ಕೋತಾರೆ. ಅಲ್ಲಿ ತಲೆ ಮೇಲೆ ಬಂಡೆ ಇರುತ್ತೆ ಪ್ರಸಾದ್, ಗಾಳಿ ಮುಗಿಯುತ್ತೆ."

"ಹಂಗಂತ ಬಾಯಿ ಮುಚ್ಕೊಂಡಿರೋದೇ ಮರ್ಯಾದೆನಾ?"

"ಹೌದು. ಇಲ್ಲಿ ಅದೇ ಮರ್ಯಾದೆ."

ಈ ಮಾತು ನನಗೆ ಹಿಡಿಸಲಿಲ್ಲ. ರೇಷ್ಮೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ನಾನು. ಹುಳ ಎಲೆ ತಿನ್ನುವುದು ಬಿಟ್ಟಿತು ಎಂದರೆ ಯಾಕೆ ಬಿಟ್ಟಿತು ಎಂದು ಬರೆದೇ ಮುಂದಿನ ಮನೆಗೆ ಹೋಗಬೇಕಿತ್ತು. ಆದ್ದರಿಂದ ಸ್ಕೂಟರಿನ ಮೇಲೆ ನಿನ್ನನ್ನು ಕೇಳಿದೆ. ಊಟಕ್ಕೆ ಕೂತಾಗ ಕೇಳಿದೆ. "ಅಪ್ಪಾ, ಅದನ್ನ ಕೇಳ್ಬಾರ್ದು" ಎಂದೆ. ಅಪ್ಪನೂ ಕೇಳಬಾರದೇ? ಬೆಳಿಗ್ಗೆ ಕಾಫಿ ಕೊಡುತ್ತ ಮತ್ತೆ ಕೇಳಿದೆ. ಆಮೇಲೆ ನೀನು ಸ್ನಾನಕ್ಕೆ ಹೋದಾಗ ನಿನ್ನ ಚೀಲ ಬಿಚ್ಚಿದೆ.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒದ್ದೆ ಕೈಗವಸು, ಎರಡು ಟಾರ್ಚು, ಹಗ್ಗದ ರಾಟೆ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಕೈಗವಸಿನ ಬೆರಳುಗಳೊಳಗೂ ಒತ್ತಿ ನೋಡಿದೆ. ತಲೆ ಎತ್ತಿದರೆ ನೀನು ಬಾಗಿಲಲ್ಲಿ ನಿಂತಿದ್ದೆ, ಕೂದಲಿಂದ ನೀರು ಸುರಿಯುತ್ತಿತ್ತು.

"ಸಿಕ್ತಾ ಅಪ್ಪಾ?" ಎಂದೆ. ಅಷ್ಟೇ. ಒಲೆಯ ಮೇಲಿದ್ದ ಉಪ್ಪಿಟ್ಟು ಮುಟ್ಟದೆ ಬಸ್ಸು ಹತ್ತಿದೆ.

ನೀನು ಹೋದ ಮೇಲೆ ನಾನು ಸುಮ್ಮನಿದ್ದೆನೆಂದು ತಿಳಿಯಬೇಡ. ಕೊಪ್ಪರಿಗೆಯ ಅನುಮಾನ ಎರಡು ದಿನ ಇತ್ತು, ಬಿಟ್ಟುಹೋಯಿತು. ಆಮೇಲೆ ಬಸವಪ್ರಸಾದನ ಮೇಲೆ ಹೋಯಿತು. ಕಾರಣ ಬೇಕು ಬೇಕು ಎಂದು ಇವನೇ ಯಾಕೆ ಕುಣಿಯುತ್ತಿದ್ದಾನೆ, ತನ್ನ ಗಾಳಿಯಲ್ಲೇ ಏನೋ ಹೆಚ್ಚುಕಮ್ಮಿಯಾಗಿದೆ ಎಂಬ ಭಯವಿರಬೇಕು ಎಂದುಕೊಂಡೆ. ಅವನೇ ಮನೆಗೆ ಬಂದು ಸಿಲಿಂಡರಿನ ಪರೀಕ್ಷೆಯ ಚೀಟಿ ತೋರಿಸಿದ, ಶುದ್ಧವಾಗಿತ್ತು. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಅವನು ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಒಂದು ವಿಷಯ ಹೇಳಿಹೋದ. ಮಲ್ಲಿಕಾರ್ಜುನಸ್ವಾಮಿ ಕ್ವಾರಿಯ ಗೇಟಿಗೆ ಬೀಗ ಹಾಕಿದ್ದಾನೆ, ವಾಪಸ್ ಬಂದ ಕಾರಣವನ್ನು ಬರವಣಿಗೆಯಲ್ಲಿ ಕೊಡುವವರೆಗೆ ಯಾರೂ ಇಳಿಯುವ ಹಾಗಿಲ್ಲ. "ತಲೆಸುತ್ತು ಬಂತು ಅಂತ ಸುಧಾ ಅವ್ರು ಬರ್ಕೊಡ್ಲಿ ಸಾರ್, ಸಾಕು. ನಿಮ್ ಮಾತು ಕೇಳ್ತಾರೆ, ಒಂದು ಲೈನು ಇಸ್ಕೊಡಿ. ಇಲ್ದಿದ್ರೆ ಈ ತಂಡ ಒಡ್ದೋಗುತ್ತೆ." ನನ್ನ ಮಾತು ಕೇಳುತ್ತಾಳೆ ಎಂದನಲ್ಲ, ಅದಕ್ಕೇ ಒಪ್ಪಿಕೊಂಡೆ.

ಉಳಿದವನು ದಿಲೀಪ್. ನೀರಿನೊಳಗೆ ನಿನ್ನ ಹತ್ತಿರ ಇದ್ದವನು ಅವನೊಬ್ಬನೇ. ಏನಾದರೂ ಸಲ್ಲದ್ದು ಮಾಡಿದನೇ ಎಂದು ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಮೊನ್ನೆ ಗುರುವಾರ ಗುಂಡ್ಲುಪೇಟೆಗೆ ಹೋದೆ. ಬಸ್ಸು ನಿನ್ನ ಕಾಲೇಜಿನ ಗೇಟಿನ ಮುಂದೆಯೇ ಹೋಯಿತು, ನಾನು ಇಳಿಯಲಿಲ್ಲ. ಅವನ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನೇರ ನುಗ್ಗಿ, "ನೋಡಪ್ಪಾ, ಬೆನಿಫಿಟ್ ಆಫ್ ಡೌಟ್ ನಿನಗೆ ಕೊಡಲ್ಲ ನಾನು" ಎಂದೆ.

ಅವನು ಚೇನ್ ತೂಗುಹಾಕುತ್ತಿದ್ದವನು ಕೈ ಒರೆಸಿಕೊಂಡು ಸ್ಟೂಲು ಎಳೆದ. "ಕುಂತ್ಕಳಿ ಅಂಕಲ್, ಚಾಯ ಕುಡೀತೀರಾ?"

"ಅವಳು ಯಾಕೆ ಎತ್ತಿದಳು?"

"ಗೊತ್ತಿಲ್ಲ."

"ಪಕ್ಕದಲ್ಲೇ ಇದ್ದೆಯಲ್ಲಪ್ಪಾ!"

"ಇದ್ದೆ. ಅವ್ರು ಎತ್ತುದ್ರು, ನಾನೂ ಎತ್ದೆ. ಅರ್ಥ ಆಯ್ತು ಅಂತ ಹೇಳಕ್ಕೆ ಅದ್ನೇ ತಿರ್ಗ ತೋರುಸ್ಬೇಕು ಅಂಕಲ್. ಅಲ್ಲಿಗೆ ಮಾತು ಮುಗೀತು. ಆಮೇಲೂ ಕೇಳಿಲ್ಲ."

"ನಿನಗೆ ತಿಳ್ಕೊಬೇಕು ಅನ್ನಿಸಲಿಲ್ಲವಾ?"

ನಕ್ಕುಬಿಟ್ಟ. "ಅನ್ನುಸ್ತದೆ. ಅನ್ನುಸ್ದೇ ಇರುತ್ತಾ? ಆದ್ರೆ ನಾಳೆ ನಂಗೆ ಒಳ್ಗಡೆ ಎದೆ ಡವ ಡವ ಅಂದಾಗ, ಯಾಕೆ ಅಂತ ನಂಗೇ ಗೊತ್ತಿಲ್ದೇ ಇದ್ರೂ ನಾನು ಬೆರಳೆತ್ಬೋದು. ಅವ್ರು ಕೇಳಲ್ಲ. ಆ ಒಂದು ಧೈರ್ಯ ಇಲ್ದೇ ಇದ್ರೆ ಅಂಕಲ್, ನಾನು ಆ ಬಿಲ್ದೊಳಕ್ಕೆ ಯಾರ ಜೊತೆಗೂ ಓಗಲ್ಲ, ನಮ್ಮಪ್ಪನ್ ಜೊತೆಗೂ ಓಗಲ್ಲ."

ಚಹಾ ಬಂತು. ಕುಡಿದದ್ದು ನೆನಪಿಲ್ಲ.

ನಿನ್ನೆ ಮಲ್ಲಿಕಾರ್ಜುನಸ್ವಾಮಿಗೆ ಕಾಗದ ಕೊಟ್ಟೆ. 'ಫೆಬ್ರವರಿ 25ರಂದು ತಂಡದ ಸದಸ್ಯೆಯೊಬ್ಬರು ವಾಪಸ್ ಹೋಗೋಣವೆಂದರು. ಎಲ್ಲರೂ ವಾಪಸ್ ಬಂದರು.' ಕೆಳಗೆ ನನ್ನ ಸಹಿ. ಅವನು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದ.

"ಕಾರಣ ಎಲ್ಲಪ್ಪಾ?"

"ಇಲ್ಲ."

"ಇಲ್ಲ ಅಂದ್ರೆ? ನಿಂಗ್ ಗೊತ್ತಿಲ್ವೋ, ಅವ್ಳು ಹೇಳ್ನಿಲ್ವೋ?"

"ನಾವು ಕೇಳಲ್ಲ ಕಣಯ್ಯಾ."

"ಓಹೋ! ಅಪ್ಪ ಮಗ್ಳು ಸೇರ್ಕಂಡು ನಂಗೇ ನಾಮ ತೀಡ್ತಿದ್ದೀರಾ? ಕೊಪ್ಪರಿಗೇಲಿ ನಂಗೆಷ್ಟು ಪಾಲು ಅಂತಾರ ಹೇಳ್ಬುಡು."

ಬೀಗ ತೆಗೆಯಲಿಲ್ಲ. ತೆಗೆಯುವನೆಂದೂ ತೋರುವುದಿಲ್ಲ. ಒಂದು ಸುಳ್ಳು ಸಾಲು ಬರೆದಿದ್ದರೆ ಸಂಜೆಗೇ ಗೇಟು ತೆರೆಯುತ್ತಿತ್ತು. ನಿಮ್ಮ ಹನ್ನೊಂದು ತಿಂಗಳು ನನ್ನಿಂದ ಹಾಳಾಗಿದ್ದರೆ ನನ್ನನ್ನೇ ಬೈಯಿ. ಆದರೆ ಆ ಸಾಲು ನಿನ್ನ ಹೆಸರಿನ ಕೆಳಗೆ ನನ್ನ ಕೈಯಿಂದ ಬರಲಿಲ್ಲ. ಬಸವಪ್ರಸಾದನಿಗೂ ಹೇಳಿದೆ. ಮುಖ ಊದಿಸಿಕೊಂಡು ಹೋದ. ತಂಡದಲ್ಲಿ ಉಳಿಯುತ್ತಾನೋ ಇಲ್ಲವೋ ನಾನರಿಯೆ. ಅವನ ಮಾತಿನಲ್ಲಿ ನ್ಯಾಯವಿಲ್ಲವೆಂದೂ ನಾನು ಹೇಳಲಾರೆ.

ನನ್ನ ಅನುಮಾನ ಹೋಗಿಬಿಟ್ಟಿತು ಎಂದುಕೊಳ್ಳಬೇಡ. ಈ ಸಾಲು ಬರೆಯುವಾಗಲೂ, ಅವಳು ಒಳಗೆ ಏನು ಕಂಡಳೋ ಎಂದು ಒಳಗಿಂದ ಒಂದು ಹುಳ ಕೊರೆಯುತ್ತಲೇ ಇದೆ. ಅದು ನನ್ನ ಸ್ವಭಾವ, ಎಪ್ಪತ್ತರಲ್ಲಿ ಬಿಡುವುದಿಲ್ಲ. ಬಾಯಿಗೆ ಮಾತ್ರ ಬರಗೊಡುವುದಿಲ್ಲ. ಯುಗಾದಿಗೆ ಬಾ. ಕ್ವಾರಿಯ ಮಾತು ನೀನಾಗಿ ಎತ್ತಿದರೆ ಕೇಳುತ್ತೇನೆ, ಎತ್ತದಿದ್ದರೆ ಒಬ್ಬಟ್ಟಿನ ಮಾತಾಡೋಣ. ನೀರಿಗಿಳಿದಾಗಲೆಲ್ಲ ನಿನ್ನ ಉಸಿರು ನಿನ್ನ ಹಿಡಿತದಲ್ಲಿರಲಿ, ನಿನ್ನ ಜೊತೆಗಾರರು ದಿಲೀಪನಂಥವರಾಗಿರಲಿ, ಮಲೆ ಮಾದಪ್ಪ ನಿನ್ನನ್ನು ಎಲ್ಲ ಬಿಲಗಳಿಂದಲೂ ಹೊರಗೆ ಕರೆತರಲಿ.

ನಿನ್ನ ಅಪ್ಪ,
ನೀಲಕಂಠಸ್ವಾಮಿ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಸಹಿ ಹಾಕಿ ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ನಿನ್ನವ್ವ ಕೊನೆಯವರೆಗೂ ಕಾಯಿಲೆಯ ಜೊತೆ ಹೋರಾಡಿದಳು ಎಂದು ನೀನು ಎಲ್ಲರಿಗೂ ಹೇಳುತ್ತೀಯ, ನಾನು ಪಕ್ಕದಲ್ಲೇ ಕೂತು ತಲೆಯಾಡಿಸುತ್ತೇನೆ. ಅದು ನಿಜವಲ್ಲ. 2018ರ ಜುಲೈ, ಡಯಾಲಿಸಿಸ್‌ಗೆಂದು ಮೈಸೂರಿಗೆ ಹೋಗುವ ರೈಲಿನಲ್ಲಿ, ಕವಲಂದೆ ಸ್ಟೇಷನ್ ದಾಟಿದ ಮೇಲೆ ಅವಳು ನನ್ನ ತೋಳು ಮುಟ್ಟಿ, "ಸಾಕು ಕಣ್ರೀ. ಇನ್ಮ್ಯಾಲ ಓಗದು ಬ್ಯಾಡ" ಎಂದಳು. ನಾನು ಯಾಕೆ ಎಂದೆ. ನೋವಾ ಎಂದೆ. ನರ್ಸು ಏನಾದರೂ ಅಂದಳಾ ಎಂದೆ. ಸುಧಾ ಏನಾದರೂ ಅಂದಳಾ ಎಂದೂ ಕೇಳಿದೆ, ನಿನ್ನ ಮೇಲೂ ಅನುಮಾನಪಟ್ಟೆ ಕಣವ್ವಾ. "ಯಾರೂ ಏನೂ ಅನ್ನಿಲ್ಲ. ಸಾಕು ಅನ್ನುಸ್ತದ, ಅಷ್ಟಿಯ" ಎಂದಳು. ಅದು ಕಾರಣವಾ, ಡಾಕ್ಟರಿಗೆ ಏನು ಹೇಳಲಿ ಎಂದು ನಂಜನಗೂಡಿನವರೆಗೂ ಕೇಳುತ್ತಲೇ ಇದ್ದೆ. ಉತ್ತರ ಕೊಡಲಾಗದೆ ನನ್ನ ಜೊತೆ ಬಂದಳು. ಮತ್ತೆ ಏಳು ತಿಂಗಳು, ವಾರಕ್ಕೆರಡು ಸಲ, ಬಂದಳು.