ನಿನ್ನೆಯ ಗಾಳಿ

ಮಾರ್ಚ್ ೪, ಬೆಳಿಗ್ಗೆ ೬
ಫ್ಲೈಟ್ ಪ್ಲ್ಯಾನಿಂಗ್ ಕಲಿಯಲು ಬಂದ ಹೊಸ ತಂಡಕ್ಕೆ ನನ್ನ ಎಂದಿನ ಮೊದಲ ಪಾಠ. ಗ್ಲೋಬಿನ ಮೇಲೆ ದಾರ ಎಳೆಸಿದೆ — ನಮ್ಮ ವಿಮಾನ ನಿಲ್ದಾಣದಿಂದ ನಮ್ಮ ವಿಮಾನ ಹೋಗುವ ಪಶ್ಚಿಮದ ಕೊನೆಯ ನಿಲ್ದಾಣದವರೆಗೆ. ಹನ್ನೆರಡು ಸಾವಿರ ಕಿಲೋಮೀಟರ್.
"ದಾರ ದೂರ ಹೇಳುತ್ತೆ. ಎಷ್ಟು ಹೊತ್ತು ಅಂತ ಹೇಳೋದು ಗಾಳಿ" ಎಂದೆ.
"ಹೋಗೋಕೆ ಹದಿನಾಲ್ಕು ಗಂಟೆ, ಬರೋಕೆ ಹನ್ನೆರಡೂವರೆ. ಗಾಳಿಗೂ ಮನೆಗೆ ಬರೋ ಆತುರ ಸರ್" ಎಂದಳು ದಾರ ಹಿಡಿದಿದ್ದ ಹಿಂದಿನ ತಂಡದ ಪಾದರಸ. ಹೆಸರು ನಾನಿಟ್ಟದ್ದು, ಒಂದು ಕಡೆ ನಿಲ್ಲುವ ಹುಡುಗಿಯಲ್ಲ. ಪ್ರೊಬೇಷನ್ ಮುಗಿಯಲು ಎರಡೇ ವಾರ. ಇವಳ ಕೈಯಲ್ಲಿ ಈ ವಿದ್ಯೆ ಬೆಳೆಯುತ್ತದೆ.

ಮಾರ್ಚ್ ೯, ಸಂಜೆ
ಪಾದರಸ ಸ್ವತಂತ್ರವಾಗಿ ಸಿದ್ಧಪಡಿಸಿದ ಮೊದಲ ಫ್ಲೈಟ್ ಪ್ಲ್ಯಾನ್ — ಹಾದಿ, ಹೊತ್ತು, ಇಂಧನದ ಲೆಕ್ಕ. ಅದೇ ದೂರದ ಹಾದಿ. ಫೋನ್ ಮಾಡಿದಳು.
"ಸರ್, ಇವತ್ತಿನ ಗಾಳಿ ವರದಿ ಇನ್ನೂ ಬಂದಿಲ್ಲ. ಕಾಯಲಾ?"
ಸಭಾಂಗಣದ ಬಾಗಿಲಲ್ಲಿದ್ದೆ. ನನ್ನ ಭಾಷಣದ ವಿಷಯ — ಹೊಣೆಗಾರಿಕೆ.
"ನಿನ್ನೇದು ಹಾಕಮ್ಮ. ಒಂದು ದಿನಕ್ಕೆ ಎಷ್ಟು ಬದಲಾಗುತ್ತೆ? ಆಮೇಲೆ ನಾನು ನೋಡ್ತೀನಿ."
ನೋಡಲಿಲ್ಲ. ಭಾಷಣಕ್ಕೆ ಚಪ್ಪಾಳೆ ಬಂತು.

ಮಾರ್ಚ್ ೧೦
ರಾತ್ರಿ ಎದುರುಗಾಳಿ ಜೋರಾಯಿತಂತೆ; ತಡವಾಗಿ ಬಂದ ವರದಿಯಲ್ಲಿ ಅದು ಇತ್ತು. ಹದಿನಾಲ್ಕು ಗಂಟೆಯ ಹಾದಿ ಹದಿನೈದೂಕಾಲು ಆಗುವಂತಿತ್ತು. ಇಂಧನ ಸಾಲದೆಂದು ಪೈಲಟ್ ನಡುದಾರಿಯಲ್ಲಿ ಇಳಿಸಿದ. ಎಲ್ಲರೂ ಕ್ಷೇಮ — ಆದರೆ ಒಂದಿಡೀ ವಿಮಾನದ ಜನ, ಎಳೆ ಮಕ್ಕಳು ಸಹಿತ, ಯಾವುದೋ ನಿಲ್ದಾಣದ ನೆಲದ ಮೇಲೆ ಮಲಗಿದರು.
ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು. "ಹಳೇ ವರದಿ ಹಾಕು ಅಂತ ಯಾರು ಹೇಳಿದ್ದು?"
ಅವಳು ನನ್ನತ್ತ ನೋಡಿದಳು. ನಾನು ಕಿಟಕಿಯತ್ತ ನೋಡಿದೆ.
"ಯಾರೂ ಇಲ್ಲ ಸರ್. ನಾನೇ ಹಾಕಿದೆ."
ನಾನು ಕೆಮ್ಮಿದೆ. ಅಷ್ಟೇ.

ಮಾರ್ಚ್ ೧೧
ನಾಳೆ ಹೇಳುತ್ತೇನೆ.

ಮಾರ್ಚ್ ೧೬
ಹೇಳಲಿಲ್ಲ. ಜ್ವರವೆಂದು ರಜೆ ಹಾಕಿ ಮನೆಯಲ್ಲೇ ಇದ್ದೇನೆ. ಹೆಂಡತಿ ಹಣೆ ಮುಟ್ಟಿ ನೋಡಿದಳು.
"ಜ್ವರಾನೂ ಇಲ್ಲ, ಗಿರಾನೂ ಇಲ್ಲ. ಮುಖ ಮಾತ್ರ ಹುಳ್ಳಗಿದೆ. ಏನು ಮಾಡ್ಕೊಂಡ್ರಿ?"
ಎಲ್ಲ ಹೇಳಿದೆ. ಹಣೆಯಿಂದ ಕೈ ತೆಗೆದಳು.
"ಆ ಮಗು ನಿಮ್ಮನ್ನ ಕಾಪಾಡ್ತಾ ಇದೆ. ನೀವು ಹೊದ್ಕೊಂಡು ಮಲಗಿದ್ದೀರಿ."

ಮಾರ್ಚ್ ೧೭, ಬೆಳಿಗ್ಗೆ ೧೧
ರಜೆ ಮುರಿದು ಆಫೀಸಿಗೆ ಬಂದೆ. ಪಾದರಸಳನ್ನು ಕೆಲಸದಿಂದ ತೆಗೆದಿದ್ದಾರಂತೆ, ಇಂದೇ ಕೊನೆಯ ದಿನ. ಕಾರಿಡಾರಿನಲ್ಲಿ ಸಿಕ್ಕಳು. ಗ್ಲೋಬಿನ ದಾರವನ್ನು ನೀಟಾಗಿ ಸುತ್ತಿ ಕೈಗಿತ್ತಳು.
"ನನ್ನ ಹತ್ರಾನೇ ಉಳಿದಿತ್ತು. ಬೇಜಾರು ಮಾಡ್ಕೋಬೇಡಿ ಸರ್. ನೀವು ಹೋದ್ರೆ ಇವರಿಗೆಲ್ಲ ಕಲಿಸೋರು ಯಾರು?"
ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ದೊಡ್ಡವರ ತಪ್ಪನ್ನು ಚಿಕ್ಕವರು ಹೊರಬೇಕು — ನನ್ನಿಂದ ಅವಳು ಕಲಿತದ್ದು ಕೊನೆಗೆ ಇದನ್ನೇ...

ಮಧ್ಯಾಹ್ನ
ಮುಖ್ಯಸ್ಥರ ಬಾಗಿಲ ಹೊರಗಿನ ಬೆಂಚು. ದಾರ ಜೇಬಿನಲ್ಲಿದೆ. ಇಲ್ಲಿಂದ ಅವರ ಮೇಜಿಗೆ ಹತ್ತು ಹೆಜ್ಜೆಯೂ ಇಲ್ಲ. ತಲುಪಲು ಒಂದು ವಾರ ಹಿಡಿಯಿತು. ಕಿಟಕಿಯ ಕೆಳಗೆ ಗೇಟಿನಲ್ಲಿ ಅವಳು ಐಡಿ ಕಾರ್ಡ್ ಬಿಚ್ಚುತ್ತಿದ್ದಾಳೆ. ಕೂಗಿದೆ — "ಅಮ್ಮಾ, ಕೊಡಬೇಡ, ನಿಲ್ಲು." ತಲೆಯೆತ್ತಿ ನೋಡಿದಳು. ಬಾಗಿಲು ತೆರೆಯಿತು. ಕರೆಯುತ್ತಿದ್ದಾರೆ. ಮೊದಲ ಮಾತು: ನಿನ್ನೆಯ ಗಾಳಿ ಹಾಕು ಎಂದವನು —