ಅತ್ತೆಯ ಮೂಗು

ಮನೆಯ ಮುಂದಿನ ಕೋಣೆ, ಹೊಲಿಗೆ ಯಂತ್ರದ ಹಲಗೆಯ ಮೇಲೆ
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಸೇತುವೆಯಮ್ಮನಿಗೆ,

ಹೇಗಿದ್ದೀಯ? ಸಿಮೆಂಟಿನ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ನದಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡ. ನಿಮ್ಮ ಕ್ಯಾಂಪಿನ ಅಡುಗೆಯವನು ಬೆಳಗಿನ ಅನ್ನವನ್ನು ಹಾಗೇ ಹೊರಗಿಟ್ಟು ರಾತ್ರಿ ಅರೆಬರೆ ಬಿಸಿ ಮಾಡಿ ಬಡಿಸುತ್ತಾನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ನದಿಯ ನಡುವೆ ಕಂಬ ನಿಲ್ಲಿಸುವ ಇಂಜಿನಿಯರಿಗೆ ಒಂದು ಬಿಸಿ ಊಟ ಕೇಳಲು ಬಾಯಿಲ್ಲವೇ? ಬಟ್ಟೆ ಹೊಲಿಯುವವನು ಯಾವಾಗಿನಿಂದ ಅನ್ನದ ವಿಚಾರ ಮಾತಾಡಲು ಶುರುಮಾಡಿದ ಎಂದು ನೀನು ನಗುತ್ತೀಯ, ಗೊತ್ತು. ಹೋದ ವಾರದಿಂದ. ಅದನ್ನು ಹೇಳಲೆಂದೇ ಈ ಪತ್ರ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಲೈನು ಸಿಕ್ಕಾಗಲೆಲ್ಲ ಅತ್ತೆ ನನ್ನ ಭುಜಕ್ಕೆ ಅಂಟಿಕೊಂಡೇ ನಿಂತಿರುತ್ತಾರೆ, ಹೇಳಬೇಕಾದದ್ದು ಅವರ ವಿಷಯವೇ. ಕ್ಯಾಂಪಿಗೆ ಸಾಮಾನು ಒಯ್ಯುವ ಲಾರಿ ಸಂಜೆಯೊಳಗೆ ನಮ್ಮ ಬೀದಿಗೆ ಬರುತ್ತದಂತೆ. ಅಷ್ಟರಲ್ಲಿ ಮುಗಿಸಬೇಕು. ಬರೆಯಲು ಕೂತವನು ಆಗಲೇ ಎರಡು ಸಲ ಎದ್ದು ಒಲೆ ನೋಡಿ ಬಂದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈಗ ಎಲ್ಲರೂ ಚೆನ್ನಾಗಿದ್ದೇವೆ. ನಮ್ಮ ಮಗಳು ಗುಂಡಿ ಇವತ್ತು ಶಾಲೆಗೂ ಹೋಗಿದ್ದಾಳೆ. ವಿಷಯ ಇಷ್ಟು: ನಿನ್ನ ಅಮ್ಮನಿಗೆ ವಾಸನೆ ತಿಳಿಯುವುದು ನಿಂತುಹೋಗಿದೆ. ಬೇರೆ ಯಾರಿಗಾದರೂ ಆಗಿದ್ದರೆ ಇದೊಂದು ಸಣ್ಣ ತೊಂದರೆ. ಆದರೆ ನಿಮ್ಮ ಮನೆತನದ ಪದ್ಧತಿ ನಿನಗೆ ಗೊತ್ತಲ್ಲ. ಮದುವೆಯಾದ ಹೊಸತರಲ್ಲಿ ನಾನು ಊಟಕ್ಕೆ ಕೂತು ತಟ್ಟೆಗೆ ಕೈ ಹಾಕಿದಾಗ ನೀನು ಮೊಣಕೈಯಿಂದ ತಿವಿದು, "ತಡೀರಿ, ಅಮ್ಮ ಇನ್ನೂ ಮೂಸಿಲ್ಲ" ಎಂದಿದ್ದೆ. ಅವರು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು, ಮೂಗು ಹತ್ತಿರ ತಂದು, ತಲೆಯಾಡಿಸಿದ ಮೇಲೆಯೇ ಬಡಿಸುವುದು. ಆ ದಿನ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬೀದಿ ಕೊನೆಯ ಬೇಕರಿಯವನು ಕೂಡ ಬೆಣ್ಣೆ ಡಬ್ಬ ಹಿಡಿದು ನಮ್ಮ ಮನೆ ಬಾಗಿಲಿಗೆ ಬರುವುದನ್ನು ನೋಡಿ ಸುಮ್ಮನಾದೆ. ಅತ್ತೆ ಸರಿ ಎಂದರೆ ಸರಿ, ಬೇಡ ಎಂದರೆ ಬೇಡ. ಅದರಿಂದ ಆದದ್ದೇನೆಂದರೆ ಮನೆಯಲ್ಲಿ ಮಿಕ್ಕವರ ಮೂಗುಗಳೆಲ್ಲ ರಜೆ ಹಾಕಿ ಕೂತವು.

ಚಳಿಗಾಲದಲ್ಲಿ ಅವರಿಗೆ ಕೆಟ್ಟ ನೆಗಡಿ ಬಂದಿತ್ತಲ್ಲ, ಅಲ್ಲಿಂದ ಶುರುವಾಗಿದೆ. ನೆಗಡಿ ಹೋಯಿತು, ವಾಸನೆ ವಾಪಸು ಬರಲಿಲ್ಲ. ಅವರು ಯಾರಿಗೂ ಹೇಳಲಿಲ್ಲ. ಒಂದು ದಿನ ಹಾಲು ತಳ ಹಿಡಿದು ಇಡೀ ಮನೆಯಲ್ಲಿ ಕಮಟು ಹಬ್ಬಿತ್ತು, ಅತ್ತೆ ಅದರ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದರು. ಏನೋ ಯೋಚನೆಯಲ್ಲಿರಬೇಕು ಅಂದುಕೊಂಡೆ. ಆಮೇಲೆ ನಾನು ಇಸ್ತ್ರಿ ಪೆಟ್ಟಿಗೆಯನ್ನು ಗಿರಾಕಿಯ ಕೋಟಿನ ಮೇಲೆ ಮರೆತು ಅದರ ತೋಳು ಸುಟ್ಟಾಗ ಅವರು ಅದೇ ಕೋಣೆ ದಾಟಿಕೊಂಡು ಹೋದರು, ಒಂದು ಮಾತಿಲ್ಲ. ಹಿತ್ತಲಲ್ಲಿದ್ದರೂ ಇಸ್ತ್ರಿಯ ಬಿಸಿ ಹೆಚ್ಚಾಯಿತೆಂದು ಕೂಗಿ ಹೇಳುತ್ತಿದ್ದವರು. ಆಗಲೇ ನನಗೆ ಗೊತ್ತಾಗಬೇಕಿತ್ತು, ಸ್ವಲ್ಪ ಗೊತ್ತಾಗಿಯೂ ಇತ್ತು. ಅತ್ತೆಯನ್ನು ಕೂರಿಸಿಕೊಂಡು ನಿಮ್ಮ ಮೂಗು ಸರಿಯಿದೆಯೇ ಎಂದು ಕೇಳಲು ಯಾವ ಅಳಿಯನಿಗೆ ಬಾಯಿ ಬರುತ್ತದೆ ಹೇಳು.

ಹೋದ ವಾರ ಆ ಸೆಕೆಯಲ್ಲಿ ಬೇಯಿಸಿದ ಕಾಳು ರಾತ್ರಿಯೆಲ್ಲ ಒಲೆಯ ಮೇಲೆ ಮುಚ್ಚಿಟ್ಟ ಹಾಗೆಯೇ ಉಳಿದಿತ್ತು. ಮಧ್ಯಾಹ್ನ ಅತ್ತೆ ಮುಚ್ಚಳ ತೆಗೆದರು, ಬಗ್ಗಿದರು, ತಲೆಯಾಡಿಸಿದರು. ತಟ್ಟೆಗೆ ಬಿದ್ದಾಗ ನನ್ನ ಮೂಗು ಹುಳಿ ಎಂದು ಹೇಳಿತು. ಆದರೆ ಅತ್ತೆಯ ಮೂಗು ಒಪ್ಪಿದ ಮೇಲೆ ನನ್ನ ಮೂಗನ್ನು ಕೇಳುವವರಾರು? ತಿಂದೆ. ಗುಂಡಿಯೂ ತಿಂದಳು, ಮುಖ ಕಿವುಚಿದವಳನ್ನು "ಅಜ್ಜಿ ನೋಡಿದಾರೆ, ತಿನ್ನು" ಎಂದು ನಾನೇ ಒತ್ತಾಯ ಮಾಡಿದೆ. ಅತ್ತೆಗೆ ಹಸಿವಿರಲಿಲ್ಲ, ಒಂದು ಬಾಳೆಹಣ್ಣಿನಲ್ಲಿ ಮುಗಿಸಿದ್ದರು. ಸಂಜೆಯಿಂದ ನಾನೂ ಮಗಳೂ ಸರದಿಯಲ್ಲಿ ಬಚ್ಚಲಿಗೆ ಓಡಿದೆವು. ನನ್ನದು ಬೇಗ ನಿಂತಿತು. ಗುಂಡಿ ಮಾತ್ರ ಒಗೆದ ಬಟ್ಟೆಯ ಹಾಗೆ ಹಾಸಿಗೆಯಲ್ಲಿ ಬಿದ್ದುಕೊಂಡಳು. ಮೂಲೆಮನೆಯ ಡಾಕ್ಟರಮ್ಮ ಬಂದು ನೋಡಿ, ಔಷಧಿ ಅಂಗಡಿಯ ಪುಡಿ ಕಲಸಿದ ಉಪ್ಪು ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ ಎಂದರು. ಕುಡಿಸುತ್ತಲೇ ಇದ್ದೆ. ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲಿ ನೆನಪಿಲ್ಲ. ನಿನಗೆ ಆಗಲೇ ಹೇಳಲಿಲ್ಲವೆಂದು ಬೈಯಬೇಡ, ಅಷ್ಟು ದೂರದಿಂದ ನಿನಗೆ ಏನು ಮಾಡಲಾಗುತ್ತಿತ್ತು?

ಡಾಕ್ಟರಮ್ಮ ಹೋಗುವಾಗ ಅಡುಗೆಮನೆಯನ್ನೂ ಒಂದು ಸುತ್ತು ನೋಡಿದರು. ಮಿಕ್ಕ ಅಡುಗೆಯನ್ನು ಒಲೆಯ ಮೇಲೆ ಬಿಡಬೇಡಿ, ಅಗಲವಾದ ಪಾತ್ರೆಗೆ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಹಾಕಿ, ತೆಗೆದ ಮೇಲೆ ನಡುವಿನವರೆಗೂ ಹಬೆಯಾಡುವಂತೆ ಬಿಸಿ ಮಾಡಿ ಎಂದರು. ಆಮೇಲೆ ಅತ್ತೆಯ ಮುಂದೆಯೇ, "ಎಷ್ಟೇ ಚುರುಕು ಮೂಗಿದ್ರೂ ಸಾಲದು. ಕೆಟ್ಟಿದ್ದೆಲ್ಲ ವಾಸನೆ ಬರಲ್ಲ" ಎಂದರು. ನನಗೆ ಅದು ವರ ಸಿಕ್ಕ ಹಾಗಾಯಿತು. ಅತ್ತೆಯ ಮೂಗಿನ ಮಾತೆತ್ತದೆ, ತಪ್ಪನ್ನು ಎಲ್ಲ ಮೂಗುಗಳ ಮೇಲೂ ಹಾಕಿ ಮನೆಗೆ ಹೊಸ ಕ್ರಮ ತರಬಹುದಲ್ಲ. ಗಿರಾಕಿಗಳ ಬಟ್ಟೆಗೆ ಸಿಕ್ಕಿಸುವ ಬಿಳಿ ಚೀಟಿಗಳನ್ನು ತಂದು ಡಬ್ಬಗಳಿಗೆಲ್ಲ ಅಂಟಿಸಿದೆ: ಸೋಮವಾರದ ಅನ್ನ, ಮಂಗಳವಾರದ ಸೂಪು. ಹಸಿ ಕೋಳಿಮಾಂಸಕ್ಕೆ ಬೇರೆ ಚಾಕು, ಬೇರೆ ಮಣೆ. ತರಕಾರಿಯದರ ಜೊತೆ ಬೆರೆಯದಿರಲೆಂದು ಎರಡಕ್ಕೂ ಕೆಂಪು ದಾರ ಕಟ್ಟಿದೆ. ಗುಂಡಿಗೆ ಆಟವೋ ಆಟ. ಕೈ ತೊಳೆದು ಬಂದು ಅಜ್ಜಿಗೆ ಬೆರಳು ತೋರಿಸಿ ಪಾಸು ಮಾಡಿಸಿಕೊಳ್ಳುತ್ತಾಳೆ. ಮೊನ್ನೆ ನನ್ನ ಬೆನ್ನಿಗೆ "ಮಂಗಳವಾರದ ಅಪ್ಪ" ಎಂಬ ಚೀಟಿ ಅಂಟಿಸಿದ್ದಳು, ಅದನ್ನು ಹೊತ್ತುಕೊಂಡೇ ನಾನು ಒಬ್ಬರ ಅಳತೆ ತೆಗೆದುಕೊಂಡೆ.

ಅತ್ತೆಗೆ ಮಾತ್ರ ಇದು ಆಟವಾಗಿ ಕಾಣಲಿಲ್ಲ. "ಏನಳಿಯಂದಿರೇ, ಪಲ್ಯಕ್ಕೂ ಅಳತೆ ತಗೋತೀರಾ?" ಎಂದು ಮೊದಲ ದಿನ ನಕ್ಕರು. ಎರಡನೆಯ ದಿನ ನಗಲಿಲ್ಲ. "ಇಷ್ಟು ವರ್ಷ ನನ್ನ ಮೂಗು ಈ ಮನೇನ ಸಾಕಿದೆ, ಇನ್ಮೇಲೆ ನಿಮ್ಮ ಚೀಟಿ ಸಾಕುತ್ತೇನೋ" ಎಂದರು. ನಿನ್ನೆ ಬೆಳಿಗ್ಗೆ ನೋಡಿದರೆ ಫ್ರಿಜ್ಜಿನ ಚೀಟಿಗಳೆಲ್ಲ ಕಿತ್ತು ಬಂದು ನನ್ನ ಅರ್ಧ ಹೊಲಿದ ಕೋಟಿನ ಮೇಲೆ ಸಾಲಾಗಿ ಅಂಟಿಕೊಂಡಿವೆ. ಆಮೇಲೆ ಅಟ್ಟದಿಂದ ತಮ್ಮ ಬ್ಯಾಗು ಇಳಿಸಿದರು. ತಮ್ಮ ಕೈ ಬೇಡವಾದ ಅಡುಗೆಮನೆಯಲ್ಲಿ ತಮಗೇನು ಕೆಲಸ, ನಿನ್ನ ಅಕ್ಕನ ಮನೆಗೆ ಹೋಗುತ್ತೇನೆ ಎನ್ನುತ್ತಾರೆ. ಬ್ಯಾಗು ಬಾಗಿಲ ಹತ್ತಿರವೇ ಇದೆ, ಹೋಗುವಾಗ ಬರುವಾಗ ಎಡವುತ್ತೇನೆ. ನಿಮ್ಮಕ್ಕನ ಮನೆಯಲ್ಲಿ ಅಡುಗೆಗೆ ಬೇರೆಯವರಿದ್ದಾರೆ. ಅಲ್ಲಿ ಇವರು ಕಿಟಕಿ ಪಕ್ಕ ಕೂತು ಸೊರಗಿಹೋಗುತ್ತಾರೆ. ನನಗೆ ಅದು ಬೇಡ. ಅವರ ಕೈಯ ಊಟ ಮಾತ್ರವಲ್ಲ, ಅವರೇ ಬೇಕು ನನಗೆ.

ನಿಜವಾಗಿ ನಾನು ಹೆದರುವುದು ಒಲೆಯ ಗ್ಯಾಸಿಗೆ. ಕೆಟ್ಟ ಕಾಳಿಗೆ ಹೊಟ್ಟೆಯಾದರೂ ಎದುರು ಹೇಳುತ್ತದೆ, ಸೋರುವ ಗ್ಯಾಸಿಗೆ ಇರುವುದು ಮೂಗೊಂದೇ. ಗಿರಾಕಿಗಳ ಮನೆಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದು ಸಿಲಿಂಡರಿನ ತಿರುಗಣೆ ಮುಟ್ಟಿ ನೋಡುತ್ತೇನೆ. ಬಾಗಿಲಲ್ಲಿ ಅತ್ತೆ ನಿಂತು ಏನು ಮರೆತಿರಿ ಎನ್ನುತ್ತಾರೆ. ಕತ್ತರಿ ಎನ್ನುತ್ತೇನೆ. ದಿನಾ ಕತ್ತರಿ ಮರೆಯುವ ದರ್ಜಿ ಎಲ್ಲಿದ್ದಾನೆ? ಅವರಿಗೂ ಅನುಮಾನ ಬಂದಿರಬೇಕು. ಈಗಲೂ ಒಳಗೆ ಪಾತ್ರೆ ಸದ್ದಾಗುತ್ತಿದೆ, ನನ್ನ ಕಿವಿ ಅಲ್ಲೇ ಇದೆ, ಕೈ ಇಲ್ಲಿ ಬರೆಯುತ್ತಿದೆ. ಏನು ಮಾಡಲಿ ಹೇಳು. ನೀನು ಮಗಳು, ನಿನ್ನ ಮಾತು ಕೇಳುತ್ತಾರೆ. ಅವರಿಗೆ ಒಂದು ಪತ್ರ ಬರೆದು ನೀನೇ ಮೆಲ್ಲಗೆ ಕೇಳುತ್ತೀಯಾ? ಅವರ ಮರ್ಯಾದೆಗೂ ಮಗುವಿನ ಹೊಟ್ಟೆಗೂ ಒಟ್ಟಿಗೆ ಒಗ್ಗುವ ಒಂದು ದಾರಿ ನನಗಂತೂ ಹೊಳೆಯುತ್ತಿಲ್ಲ.

ಗುಂಡಿ ನಿನಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಒಂದು ಖಾಲಿ ಚೀಟಿಯನ್ನೂ. ನೀನು ಯಾವ ದಿನ ಬರುತ್ತೀಯೆಂದು ಅದರಲ್ಲಿ ಬರೆದು ಕಳಿಸಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿಯಾಗಿ ಮಾಡು. ನೀರಿನ ಹತ್ತಿರ ಹುಷಾರು.

ನಿನ್ನ ದಾರಿ ಕಾಯುವ,
ದರ್ಜಿ

ತಾ.ಕ.: ಲಾರಿ ಬಂದಿದೆ, ಚಾಲಕ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಇದನ್ನು ಮಡಚುವಷ್ಟರಲ್ಲಿ ಅತ್ತೆ ಸೂಪಿನ ಪಾತ್ರೆ ಹಿಡಿದು ಬಂದರು. ಪತ್ರವನ್ನು ಕೋಟಿನ ಕೆಳಗೆ ತಳ್ಳಿದೆ. ಮುಚ್ಚಳ ತೆಗೆದು ಪಾತ್ರೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಇದು ಸರಿಯಿದ್ಯಾ ನೋಡಪ್ಪ. ಚೀಟಿ ನಾನೇ ಕಿತ್ತೆ, ಯಾವತ್ತಿಂದು ಅಂತ ಮರೆತೆ. ವಾಸನೆ ನಂಗೆ ಗೊತ್ತಾಗ್ತಿಲ್ಲ" ಎಂದರು. ಹುಳಿಯಾಗಿತ್ತು, ಹೇಳಿದೆ. ಯಾವತ್ತಿನದೆಂದು ಗೊತ್ತಿಲ್ಲದ್ದನ್ನು ಮೂಸುವುದೂ ಬೇಡ, ಚೆಲ್ಲಿಬಿಡೋಣ ಎಂದೂ ಹೇಳಿದೆ. ಅವರೇ ಚೆಲ್ಲಿದರು. ಮಗು ಹಾಸಿಗೆ ಹಿಡಿದ ದಿನವೇ ತಪ್ಪು ತಮ್ಮ ಮೂಗಿನದೆಂದು ಗೊತ್ತಾಗಿತ್ತಂತೆ. ಹೇಳಿದರೆ ಒಲೆ ಬಿಡಿಸುತ್ತೇವೆಂದು ಹೆದರಿದ್ದರಂತೆ. ಗ್ಯಾಸು ಸೋರಿದರೆ ಕೂಗಿಕೊಳ್ಳುವ ಯಂತ್ರ ಸಿಗುತ್ತದಂತಲ್ಲ, ನಾಳೆಯೇ ತಂದು ಹಾಕು ಎಂದರು. ಡಾಕ್ಟರಮ್ಮನಿಗೆ ಮೂಗು ತೋರಿಸಲೂ ಒಪ್ಪಿದ್ದಾರೆ. ಬ್ಯಾಗು ಅಟ್ಟಕ್ಕೆ ಹೋಯಿತು. ಆದರೆ ಒಂದು ಮಾತು ತೆಗೆದುಕೊಂಡಿದ್ದಾರೆ: "ಮಗಳಿಗೆ ಮಾತ್ರ ಬರೀಬೇಡ, ಅಲ್ಲಿ ಒಬ್ಬಳೇ ಇದಾಳೆ, ಕೊರಗ್ತಾಳೆ." ಪತ್ರ ಕೈಯಳತೆಯಲ್ಲೇ ಇತ್ತು, ನಾನು ಹೂಂ ಎಂದೆ. ಹಾಗಾಗಿ ನಿನಗೆ ಏನೂ ಗೊತ್ತಿಲ್ಲ. ನೀನು ಬಂದಾಗ ಅವರು ಮೊದಲಿನ ಹಾಗೆಯೇ ಮುಚ್ಚಳ ತೆಗೆದು ಬಗ್ಗುತ್ತಾರೆ, ನೀನು ಮೊದಲಿನ ಹಾಗೆಯೇ ಕಾಯಬೇಕು. ತಲೆಯಾಡಿಸುವ ಮುಂಚೆ ಒಂದು ಗಳಿಗೆ ನನ್ನ ಮುಖ ನೋಡುತ್ತಾರೆ. ಆಗ ನೀನು ಕಿಟಕಿಯ ಕಡೆ ನೋಡು.